ಡಬ್ಬ ಇದೆ ಸರಿ, ಒಳಗೇನಿದೆ?

ಹಳೇ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿ, ಸ್ಕ್ಯಾನರ್ 'ಪಿ0420' ಅಂತ ತೋರಿಸಿದರೆ ಮುಂದೆ ಮೂರು ದಾರಿ. ಕಂಪನಿಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಸೋದು. ಕಡಿಮೆ ಬೆಲೆಯ ಆಫ್ಟರ್‌ಮಾರ್ಕೆಟ್ ಕನ್ವರ್ಟರ್ ಹಾಕಿಸೋದು. ಇಲ್ಲಾಂದ್ರೆ ಒಳಗಿನ ಜೇನುಗೂಡನ್ನು ಒಡೆದು ಹಾಕಿ, ಖಾಲಿ ಡಬ್ಬವನ್ನೇ ವಾಪಸ್ ಕೂರಿಸೋದು. ಮೂರನೇದು ತಪ್ಪು ಅಂತ ಎಲ್ಲರಿಗೂ ಗೊತ್ತು. ಎರಡನೇದು ತಪ್ಪಲ್ಲ. ಆದರೆ ಅದನ್ನು ಕೊಳ್ಳೋನಿಗೆ ತಾನು ಎರಡನೇ ದಾರಿಯಲ್ಲಿದ್ದೀನಾ, ಮೂರನೇದರಲ್ಲಿದ್ದೀನಾ ಅಂತ ತಿಳಿಯೋ ದಾರಿಯೇ ಇಲ್ಲ. ನನ್ನ ತಕರಾರು ಅದು.

ಕನ್ವರ್ಟರ್‌ನ ಬೆಲೆ ಇರೋದು ಉಕ್ಕಿನ ಡಬ್ಬದಲ್ಲಲ್ಲ. ಸೆರಾಮಿಕ್ ಜೇನುಗೂಡಿನ ಮೇಲೆ ತೆಳುವಾಗಿ ಲೇಪಿಸಿರುವ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಲ್ಲಿ. ಮೊದಲೆರಡು ಕಾರ್ಬನ್ ಮೊನಾಕ್ಸೈಡ್ ಮತ್ತು ಸುಡದ ಇಂಧನವನ್ನು ಉರಿಸಿ ಮುಗಿಸುತ್ತವೆ. ನೈಟ್ರೋಜನ್ ಆಕ್ಸೈಡ್‌ಗಳನ್ನು ಒಡೆಯೋದು ಮುಖ್ಯವಾಗಿ ರೋಡಿಯಂ. ಅಗ್ಗದ ಡಬ್ಬದಲ್ಲಿ ಕೈ ಹಿಡಿದು ಹಾಕೋದು ಈ ಲೋಹಗಳನ್ನೇ. ಹೊರಗಿಂದ ಎರಡೂ ಡಬ್ಬ ಒಂದೇ ತರ.

'ಪಿಯುಸಿ ಪಾಸಾಯ್ತಲ್ಲ ಗುರು!' ಅಂತೀರಾ? ಪೆಟ್ರೋಲ್ ಗಾಡಿಯ ಪಿಯುಸಿ ಮಾಡೋದು ನಿಂತ ಗಾಡಿಯಲ್ಲಿ. ನೈಟ್ರೋಜನ್ ಆಕ್ಸೈಡ್ ಹೆಚ್ಚಾಗಿ ಹುಟ್ಟೋದು ಎಂಜಿನ್ ಮೇಲೆ ಲೋಡ್ ಬಿದ್ದಾಗ, ಅದನ್ನು ಪಿಯುಸಿಯಲ್ಲಿ ಅಳೆಯೋದೇ ಇಲ್ಲ. 'ಲೈಟ್ ಆರಿತಲ್ಲ' ಅನ್ನೋದೂ ಸಾಕ್ಷಿಯಲ್ಲ. ಕನ್ವರ್ಟರ್ ಹಿಂದಿನ ಆಕ್ಸಿಜನ್ ಸೆನ್ಸರ್ ನೋಡೋದು ಡಬ್ಬ ಎಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತೆ ಅನ್ನೋದನ್ನು. ಆ ಕೆಲಸ ಮಾಡೋದು ರೋಡಿಯಂ ಮುಂದೆ ತೀರಾ ಅಗ್ಗವಾದ ಸೀರಿಯಂ ಆಕ್ಸೈಡ್. ಸೆನ್ಸರ್‌ಗೆ ಒಂದು ಸ್ಪೇಸರ್ ಸಿಕ್ಕಿಸಿದರಂತೂ ಅದೂ ಬೇಕಾಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಆಫ್ಟರ್‌ಮಾರ್ಕೆಟ್ ಕನ್ವರ್ಟರ್ ನಿಷೇಧ ಮಾಡಿಲ್ಲ. ಆದರೆ ಡಬ್ಬದ ಮೇಲೆ ಅನುಮತಿ ಸಂಖ್ಯೆ ಒತ್ತಿರಬೇಕು, ಅದು ನಿಮ್ಮ ಕಾರಿನ ಮಾಡೆಲ್‌ಗೆ ಹೊಂದಬೇಕು. ಇಲ್ಲೂ ಕೌಂಟರ್‌ನಲ್ಲಿ ನಿಂತ ಗ್ರಾಹಕ ಮೊಬೈಲ್‌ನಲ್ಲೇ ನೋಡಬಹುದಾದ ಅಂಥ ಒಂದು ಸಂಖ್ಯೆ ಬೇಕು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಬಂತು. ಸೀಸ ಅದನ್ನು ಕೊಲ್ಲುತ್ತೆ, ಹಾಗಾಗಿ ಜೊತೆಗೇ ಸೀಸರಹಿತ ಪೆಟ್ರೋಲ್ ತಂದರು. 2000ದ ಹೊತ್ತಿಗೆ ಇಡೀ ದೇಶದ ಪೆಟ್ರೋಲ್‌ನಿಂದ ಸೀಸ ಹೋಯ್ತು. ಅಷ್ಟೆಲ್ಲ ಮಾಡಿ ಉಳಿಸಿದ ಡಬ್ಬವನ್ನು ಒಂದು ಕಬ್ಬಿಣದ ರಾಡ್ ಹತ್ತು ನಿಮಿಷದಲ್ಲಿ ಖಾಲಿ ಮಾಡುತ್ತೆ.

ದುಡ್ಡಿನ ಮಾತು ಸುಳ್ಳಲ್ಲ. ಹಳೇ ಕಾರಿಗೆ ಕಂಪನಿ ಪಾರ್ಟ್ ಹಾಕಿಸಿದರೆ ಗಾಡಿ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ಅದಕ್ಕೇ ಮೊದಲು ಕೇಳಬೇಕಾದ್ದು 'ಯಾಕೆ ಹೋಯ್ತು?' ಅಂತ. ಮಿಸ್‌ಫೈರ್, ಆಯಿಲ್ ಸುಡೋದು, ಎಕ್ಸಾಸ್ಟ್ ಲೀಕ್, ಕೆಟ್ಟ ಸೆನ್ಸರ್, ಎಲ್ಲ ನೋಡಿ. ಎಷ್ಟೋ ಸಲ ಕನ್ವರ್ಟರ್ ಸರಿಯಾಗೇ ಇರುತ್ತೆ. ಮಿಸ್‌ಫೈರ್ ಸರಿಮಾಡದೆ ಹೊಸದು ಹಾಕಿಸಿದರೆ ಅದೂ ಸುಟ್ಟುಹೋಗುತ್ತೆ.

'ನಮ್ಮತ್ರ ಕಾರೆಲ್ಲಿದೆ' ಅಂತ ನಗೋರು ನಮ್ಮ ಪಾರ್ಕಿಂಗ್ ಕಡೆ ಒಮ್ಮೆ ನೋಡಿ. ಬಿಎಸ್-6 ಬೈಕಿನಲ್ಲೂ ಕನ್ವರ್ಟರ್ ಇದೆ. ಸೌಂಡ್ ಬರಲಿ ಅಂತ ಎಕ್ಸಾಸ್ಟ್ ಬದಲಾಯಿಸಿದಾಗ ಎಷ್ಟೋ ಬೈಕುಗಳಲ್ಲಿ ಅದೂ ಕಿತ್ತುಹೋಗಿರುತ್ತೆ. ಆ ಹೊಗೆ ಕುಡಿಯೋದು ಯಾರು? ಟೋಲ್‌ಗೇಟ್ ಸಿಗ್ನಲ್‌ನಲ್ಲಿ ದಿನವಿಡೀ ನಿಲ್ಲೋ ಟ್ರಾಫಿಕ್ ಪೊಲೀಸರು, ಹೊಸಹಳ್ಳಿ ಮೆಟ್ರೋ ಕೆಳಗೆ ಗಾಡಿ ಇಟ್ಟುಕೊಂಡು ಹಣ್ಣು ಮಾರೋರು.

ಐಸಿ ಎಂಜಿನ್ ಲ್ಯಾಬ್‌ನಲ್ಲಿ ಐದು ಅನಿಲ ಅಳೆಯೋ ಅನಲೈಸರ್ ಇದೆ, ಲೋಡ್ ಕೊಡೋಕೆ ಡೈನಮೋಮೀಟರ್ ಇದೆ. ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕ್ತಿರೋ ಮೆಕ್ಯಾನಿಕಲ್‌ನವರೇ, ಜೆಸಿ ರೋಡ್‌ನಿಂದ ಮೂರು ಆಫ್ಟರ್‌ಮಾರ್ಕೆಟ್ ಕನ್ವರ್ಟರ್ ತಂದು ಲೋಡ್‌ನಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯಿರಿ. ಫಲಿತಾಂಶವನ್ನು ಗ್ಯಾರೇಜಿನ ಅಣ್ಣಂದಿರು ಓದೋ ಹಾಗೆ ಕನ್ನಡದಲ್ಲೇ ಬರೆಯಿರಿ. ಸರ್ಕಾರದ ಸಂಖ್ಯೆ ಬರೋವರೆಗೆ ನಮ್ಮ ಏರಿಯಾಗೆ ಅದಾದರೂ ಇರಲಿ.