ರೋಬೋಟ್ ಬಂತು, ಬ್ಯಾಟರಿಗೆ ದುಡ್ಡು ಕೊಡುವವರು ಯಾರು?

ಚಿಕಿತ್ಸೆಗೆ ಹಣ ಮಂಜೂರು ಮಾಡುವ ಮಾನ್ಯರೇ,

ಮಿದುಳಿನ ಶಸ್ತ್ರಚಿಕಿತ್ಸೆಗೆ ರೋಬೋಟ್ ಬಂದರೆ ದೀಪ ಬೆಳಗುತ್ತೀರಿ, ಭಾಷಣ ಮಾಡುತ್ತೀರಿ. ಸಂತೋಷ. ಕಡಲೆಕಾಳಿಗಿಂತ ದೊಡ್ಡದಲ್ಲದ ಜಾಗಕ್ಕೆ ತಂತಿ ಇಳಿಸುವಾಗ ಯಂತ್ರದ ಕೈ ನಡುಗುವುದಿಲ್ಲ, ಒಪ್ಪುತ್ತೇವೆ. ನಮ್ಮ ತಕರಾರು ಇರುವುದು ರೋಗಿ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋದ ಮೇಲಿನ ಕಥೆಯ ಬಗ್ಗೆ.

ಪಾರ್ಕಿನ್ಸನ್ ಇರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಕೆಲವು ವರ್ಷ ಲೆವೊಡೋಪಾ ಮಾತ್ರೆ ಕೈಹಿಡಿಯುತ್ತದೆ. ಬರಬರುತ್ತಾ ಒಂದು ಮಾತ್ರೆಯ ಗುಣ ಇನ್ನೊಂದರ ಹೊತ್ತಿನವರೆಗೆ ನಿಲ್ಲುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಡಿಬಿಎಸ್, ಅಂದರೆ ಮಿದುಳಿನೊಳಗೆ ತಂತಿ ಇಳಿಸಿ ಬ್ಯಾಟರಿಯಿಂದ ವಿದ್ಯುತ್ ಹರಿಸುವ ಚಿಕಿತ್ಸೆ, ನಿಜಕ್ಕೂ ಆಸರೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಾಬಿದ್ ಅವರ ತಂಡ ತೋರಿಸಿಕೊಟ್ಟ ದಾರಿ ಇದು. ನಡುಕಕ್ಕೆ ಇದನ್ನು ಬಳಸಲು ಅಮೆರಿಕ 1997ರಲ್ಲೇ ಒಪ್ಪಿತ್ತು. ‘ಇನ್ನೂ ಪ್ರಯೋಗದ ಹಂತದಲ್ಲಿದೆ’ ಎಂದು ಧನಸಹಾಯದ ಅರ್ಜಿ ಬದಿಗಿಡುವವರು ಈ ಇಸವಿ ಬರೆದಿಟ್ಟುಕೊಳ್ಳಲಿ.

ಎದೆಯ ಚರ್ಮದಡಿ ಕೂರಿಸುವ ಬ್ಯಾಟರಿ, ಚಾರ್ಜ್ ಮಾಡಲಾಗದ ಬಗೆಯದಾದರೆ, ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ. ಆಮೇಲೆ ಬದಲಿಸಲೇಬೇಕು, ಖರ್ಚು ಲಕ್ಷಗಳ ಲೆಕ್ಕ. ಮೊದಲ ಸಲ ಹೊಲ ಮಾರಿದವರು ಎರಡನೇ ಸಲ ಏನನ್ನು ಮಾರಬೇಕು? ಬ್ಯಾಟರಿ ನಿಂತರೆ ನಡುಕ, ಬಿಗಿತ ಮರಳುತ್ತವೆ. ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡವರಿಗೆ ನುಂಗುವುದೂ ಕಷ್ಟವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಇದನ್ನು ಬರೀ ಬಿಡಿಭಾಗದ ಖರ್ಚು ಎಂದು ತಳ್ಳಿಹಾಕಬಹುದೇ?

ಇನ್ನು ಪ್ರೋಗ್ರಾಮಿಂಗ್. ವಿದ್ಯುತ್ತಿನ ಪ್ರಮಾಣ ಹದಕ್ಕೆ ಬರಲು ತಿಂಗಳುಗಟ್ಟಲೆ ಓಡಾಟ. ಮೊದಲ ಸಲ ಹೊಂದಿಸುವಾಗ ಮಾತ್ರೆ ತೆಗೆದುಕೊಳ್ಳದೆ ಬರಲು ಹೇಳುವುದುಂಟು. ವೈದ್ಯರಿಗೆ ಅದು ಬೇಕು, ಸರಿ. ಆದರೆ ಕೊಪ್ಪಳದ ಕಡೆಯಿಂದ ರಾತ್ರಿ ಬಸ್ಸಿನಲ್ಲಿ, ಮೈ ಮರಗಟ್ಟಿದವರನ್ನು ಬೆಂಗಳೂರಿಗೆ ಕರೆತರುವ ಹೆಂಡತಿಯನ್ನೋ ಮಗನನ್ನೋ ಒಮ್ಮೆ ಕೇಳಿ ನೋಡಿ.

ಈ ಖರ್ಚಿಗೆ ನೆರವು ಕೇಳಿದರೆ ಅರ್ಜಿಗೆ ಮುದ್ರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ‘ಆಗುವುದಿಲ್ಲ’ ಎಂದಾದರೂ ಬರೆದರೆ ಸಾಲಕ್ಕೆ ಬೇರೆ ಬಾಗಿಲು ತಟ್ಟಬಹುದು. ಸಂಶೋಧನೆಗೆಂದು ತಲೆಯನ್ನೇ ಒಡ್ಡಿದವರಿಗೂ, ಅಧ್ಯಯನ ಮುಗಿದ ಮೇಲೆ ಬ್ಯಾಟರಿ ಯಾರ ಪಾಲಿನದು ಎಂದು ಮೊದಲೇ ಲಿಖಿತವಾಗಿ ಹೇಳಬೇಕಲ್ಲವೇ?

ಆಪರೇಷನ್‌ಗೆ ಹಣ ಮಂಜೂರು ಮಾಡುವಾಗಲೇ ಮುಂದಿನ ಬ್ಯಾಟರಿಯನ್ನೂ ಸೇರಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಪ್ರೋಗ್ರಾಮಿಂಗ್‌ಗೆ ಗೊತ್ತುಮಾಡಿ. ಬಾಕಿ ಇರುವ ಅರ್ಜಿಗಳಿಗೆ, ಹೌದೋ ಅಲ್ಲವೋ, ಸಹಿ ಹಾಕಿದ ಉತ್ತರ ಕಳಿಸಿ.

ಇಂತಿ,
ಕಾಯುತ್ತಿರುವ ಮನೆಗಳ ಪರವಾಗಿ