ಎಲ್ಲರೂ ಮರಳಿದರೇ?

ಪಂದ್ಯವೆಂದೊಡನೆ ನಮ್ಮ ಕಣ್ಣು ಗೆದ್ದವನತ್ತ ಹೊರಳುತ್ತದೆ. ಹಾರ ಬಿದ್ದುದು ಯಾರ ಕೊರಳಿಗೆ, ಎರಡನೆಯವನು ಎಷ್ಟು ಹಿಂದೆ ಉಳಿದ, ಹಳೆಯ ದಾಖಲೆ ಮುರಿಯಿತೇ ಎಂದು ವಿಚಾರಿಸುತ್ತೇವೆ. ಪಂದ್ಯವನ್ನು ಏರ್ಪಡಿಸಿದವರಾರೆಂದು ಕೇಳುವವರು ವಿರಳ. ಮದುವೆಯ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದಾಗ ಮಾತ್ರ ಅಡಿಗೆಯವನ ನೆನಪಾಗುವಂತೆ, ಏನಾದರೊಂದು ಕೆಟ್ಟಾಗಲೇ ಏರ್ಪಾಡು ಮಾಡಿದವನ ಹೆಸರು ಹೊರಬೀಳುವುದು. ಈ ವಾರ ಅಂಥವನೊಬ್ಬನ ಕೆಲಸವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಅವನು ನಡೆಸುವ ಪಂದ್ಯಕ್ಕೆ ಆಕಾಶವೇ ಅಂಗಳ. ಅದರಲ್ಲಿ ಪಾಲುಗೊಳ್ಳುವ ವಿಮಾನಗಳಿಗೆ ಎಂಜಿನ್ನೇ ಇಲ್ಲ.

ಗ್ಲೈಡರ್ ಎಂದು ಕರೆಯುವ ಈ ವಿಮಾನ ತನ್ನಷ್ಟಕ್ಕೆ ತಾನು ಸದಾ ಕೆಳಗಿಳಿಯುತ್ತಲೇ ಇರುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ವೇಗವಾಗಿ ಮೇಲೇರುತ್ತಿದ್ದರೆ ಆಗ ಅದೂ ಗಾಳಿಯೊಡನೆ ಏರುತ್ತದೆ. ಬಿಸಿಲಿಗೆ ಕಾದ ಹೊಲದಿಂದ ಏಳುವ ಬಿಸಿಗಾಳಿ, ಗುಡ್ಡದ ಓರೆಗೆ ಬಡಿದು ಮೇಲಕ್ಕೆ ಹೊರಳುವ ಗಾಳಿ, ಇವೇ ಅದಕ್ಕೆ ಆಧಾರ. ಮಧ್ಯಾಹ್ನದ ಹೊತ್ತು ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಮೇಲೇರುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಹದ್ದಿಗೆ ಹುಟ್ಟಿನಿಂದ ಬಂದ ವಿದ್ಯೆಯನ್ನು ಮನುಷ್ಯ ಕಷ್ಟಪಟ್ಟು ಕಲಿಯಬೇಕಾಯಿತು.

ಆ ಕಲಿಕೆಗೆ ಪಾಠಶಾಲೆಯಾದುದು ಜರ್ಮನಿಯ ನಡುಭಾಗದ ರೋನ್ ಬೆಟ್ಟಗಳಲ್ಲಿರುವ ವಾಸರ್‌ಕುಪ್ಪೆ ಎಂಬ ಬೋಳು ಶಿಖರ. ಎತ್ತರ ಸುಮಾರು 950 ಮೀಟರು. 1912ರಲ್ಲಿ ಡಾರ್ಮ್‌ಸ್ಟಾಟ್‌ನ ಗುಟರ್‌ಮೂತ್ ಎಂಬ ಹುಡುಗ ತಾನೂ ಗೆಳೆಯರೂ ಕೂಡಿ ಕಟ್ಟಿದ ಗ್ಲೈಡರಿನಲ್ಲಿ ಅಲ್ಲಿಂದ 838 ಮೀಟರು ಹಾರಿದ್ದ. ಅಷ್ಟರಲ್ಲಿ ಮಹಾಯುದ್ಧ ಬಂದಿತು, ಜರ್ಮನಿ ಸೋತಿತು. 1919ರ ವರ್ಸೇಲ್ಸ್ ಒಪ್ಪಂದ ಅದರ ವಾಯುಪಡೆಯನ್ನು ಕಿತ್ತುಕೊಂಡು, ವಿಮಾನ ತಯಾರಿಕೆಗೂ ಕಡಿವಾಣ ಹಾಕಿತು. ಹಾರುವ ಹುಚ್ಚು ಹಿಡಿದ ತರುಣರಿಗೆ ಉಳಿದ ದಾರಿಯೆಂದರೆ ಎಂಜಿನಿಲ್ಲದ ವಿಮಾನವೊಂದೇ.

ಆಗ ಮುಂದೆ ಬಂದವನು ಆಸ್ಕರ್ ಉರ್ಸೀನಸ್. ವೃತ್ತಿಯಿಂದ ಎಂಜಿನಿಯರು, ಫ್ರಾಂಕ್‌ಫರ್ಟಿನಿಂದ ಹೊರಡುತ್ತಿದ್ದ ‘ಫ್ಲೂಗ್‌ಷ್ಪೋರ್ಟ್’ ಎಂಬ ವಿಮಾನಪತ್ರಿಕೆಯ ಸಂಪಾದಕ. ಸಂಪಾದಕರು ಸಾಮಾನ್ಯವಾಗಿ ಮೇಜು ಬಿಟ್ಟೇಳುವವರಲ್ಲ. ಈತ ಬೆಟ್ಟವನ್ನೇ ಹತ್ತಿದ. ಗ್ಲೈಡರ್ ಉಳ್ಳವರೆಲ್ಲ 1920ರ ಬೇಸಗೆಯಲ್ಲಿ ವಾಸರ್‌ಕುಪ್ಪೆಗೆ ಬನ್ನಿರೆಂದು ತನ್ನ ಪತ್ರಿಕೆಯಲ್ಲೇ ಕರೆಯಿತ್ತ. ಬಂದವರು ಬೆರಳೆಣಿಕೆಯ ತರುಣರು. ಮರ, ಬಟ್ಟೆ, ತಂತಿಗಳಿಂದ ಕೈಯಾರೆ ಕಟ್ಟಿದ ವಿಮಾನ, ವಾಸಕ್ಕೆ ಡೇರೆ, ಮೇಲೆ ಮಳೆ ಮತ್ತು ಮಂಜು. ಇಂಥ ಪಂದ್ಯಕ್ಕೆ ಹಿಂದಿನ ಮಾದರಿಯೆಂಬುದು ಇರಲಿಲ್ಲ. ಯಾರನ್ನು ಹಾರಗೊಡಬೇಕು, ಯಾವಾಗ ತಡೆಯಬೇಕು ಎಂಬುದನ್ನು ಹೇಳಿಕೊಡಬಲ್ಲ ಗುರುಗಳೂ ಇರಲಿಲ್ಲ.

ಆಗಸ್ಟ್ 9ರಂದು ಫಾನ್ ಲೋಸಲ್ ಎಂಬ ಪಾಲುಗಾರ ತನ್ನ ಗ್ಲೈಡರಿನೊಡನೆ ಬಿದ್ದು ಮಡಿದ. ಆ ಸಂಜೆ ಡೇರೆಗಳಲ್ಲಿ ಯಾವ ಮಾತು ನಡೆದಿರಬಹುದೆಂದು ನಾವು ಊಹಿಸಬಹುದಷ್ಟೆ. ಪಂದ್ಯ ನಿಲ್ಲಿಸಿದರೆ ಹುಟ್ಟುತ್ತಿದ್ದ ವಿದ್ಯೆಯೊಂದು ಅಲ್ಲಿಗೇ ಮುಗಿಯಬಹುದು. ನಡೆಸಿದರೆ ಇನ್ನೊಂದು ಮನೆಗೆ ಅದೇ ಸುದ್ದಿ ಹೋಗಬಹುದು. ಪಂದ್ಯ ನಿಲ್ಲಲಿಲ್ಲ. ಕೆಲವು ವಾರಗಳಲ್ಲಿ ಆಹೆನ್ ನಗರದಿಂದ ಕ್ಲೆಂಪರರ್ ಎಂಬವನು ‘ಕರಿಯ ಭೂತ’ವೆಂಬ ಹೆಸರಿನ ಗ್ಲೈಡರನ್ನು ತಂದು, 2 ನಿಮಿಷ 22 ಸೆಕೆಂಡುಗಳಲ್ಲಿ 1,830 ಮೀಟರು ಹಾರಿ ಗೆದ್ದ. ಎರಡು ವರ್ಷಗಳೊಳಗೆ, 1922ರಲ್ಲಿ, ಹಾನೋವರಿನ ವಿದ್ಯಾರ್ಥಿಗಳ ಗ್ಲೈಡರು ಅದೇ ಬೆಟ್ಟದ ಮೇಲೆ ಮೊದಲು ಒಂದು ಗಂಟೆ, ಆಮೇಲೆ ಮೂರು ಗಂಟೆಗೂ ಮೀರಿ ಗಾಳಿಯಲ್ಲಿ ನಿಂತಿತು.

ಈ ಕಥೆಯನ್ನು ಹೇಳುವವರು ‘ಛಲ ಬಿಡದವನಿಗೆ ಜಯ’ ಎಂಬ ನೀತಿಯೊಡನೆ ಮುಗಿಸುವುದುಂಟು. ನನಗೆ ಆ ನೀತಿ ಅರೆಪಾಲಾಗಿ ಕಾಣುತ್ತದೆ. ಕ್ಲೆಂಪರರನ ಗೆಲವು ಲೋಸಲನ ಸಾವಿಗೆ ಉತ್ತರವಾಗಲಾರದು. ಪಂದ್ಯವನ್ನು ಮುಂದುವರಿಸುವ ಧೈರ್ಯ ಬೇಕು, ನಿಜ. ಆದರೆ ಪಂದ್ಯವನ್ನು ನಡೆಸುವವನಿಗೆ ಅದಕ್ಕಿಂತ ಹೆಚ್ಚಾಗಿ ಬೇಕಾದುದು ‘ಇಂದು ಬೇಡ’ ಎನ್ನುವ ಧೈರ್ಯ. ತೇರಿನ ಮಿಣಿಯನ್ನು ಎಳೆಯಲು ನೂರು ಕೈಗಳಿರುತ್ತವೆ. ಗಾಲಿಗೆ ಮರದ ತುಂಡು ಕೊಟ್ಟು ತಡೆಯುವವರು ಒಬ್ಬಿಬ್ಬರೇ. ತೇರು ಜನರ ಮೇಲೆ ಹರಿಯದಿರುವುದು ಆ ಒಬ್ಬಿಬ್ಬರ ಎಚ್ಚರದಿಂದ.

ವಾಸರ್‌ಕುಪ್ಪೆಯ ಸಣ್ಣ ಪಂದ್ಯ ವರ್ಷ ವರ್ಷಕ್ಕೂ ಬೆಳೆಯಿತು. 1933ರ ನಂತರ ಹಿಟ್ಲರನ ಸರಕಾರ ಈ ಕ್ರೀಡೆಯನ್ನು ತನ್ನ ಕೈಗೆ ತೆಗೆದುಕೊಂಡು, ಯುದ್ಧವಿಮಾನ ನಡೆಸುವವರನ್ನು ತಯಾರಿಸುವ ಮೆಟ್ಟಿಲಾಗಿ ಮಾಡಿಕೊಂಡಿತು. 1937ರಲ್ಲಿ ಮೊದಲ ಅಂತರರಾಷ್ಟ್ರೀಯ ಗ್ಲೈಡರ್ ಪಂದ್ಯ ಅಲ್ಲಿಯೇ ನಡೆಯಿತು. ಉರ್ಸೀನಸ್ 1952ರಲ್ಲಿ ತೀರಿಕೊಂಡ. ಆದರೆ ಅವನು ಹಾಕಿದ ಮೊದಲ ಪಂಕ್ತಿ, ಎಂದರೆ ಹತ್ತಿಪ್ಪತ್ತು ಗೆಳೆಯರು ಒಂದು ಬಯಲಿನಲ್ಲಿ ಕೂಡಿ, ಲಾಭದಾಸೆಯಿಲ್ಲದೆ ತಮ್ಮೊಳಗೇ ನಡೆಸಿಕೊಳ್ಳುವ ಪಂದ್ಯ, ಇಂದಿಗೂ ಯೂರೋಪು ಅಮೇರಿಕಗಳ ಗ್ಲೈಡರ್ ಕ್ಲಬ್ಬುಗಳಲ್ಲಿ ಬೇಸಗೆಯ ಹಬ್ಬವಾಗಿ ಉಳಿದಿದೆ. ಅಂಥ ಪಂದ್ಯದ ಒಂದು ದಿನ ಹೇಗಿರುತ್ತದೆಂಬುದನ್ನು ನೋಡೋಣ.

ಬೆಳಿಗ್ಗೆ ಎಲ್ಲರ ಸಭೆ. ನಿರ್ದೇಶಕನ ಕೈಯಲ್ಲಿ ಹವಾಮಾನದ ವರದಿ, ಎದುರಿಗೆ ಗೋಡೆಯ ತುಂಬ ನಕಾಶೆ. ಈ ಊರಿನ ಮೇಲೆ ಹಾದು, ಆ ಕೂಡುರಸ್ತೆಯ ಬಳಿ ತಿರುಗಿ, ಮತ್ತೊಂದು ಕೆರೆಯನ್ನು ಸುತ್ತಿಕೊಂಡು ಹೊರಟ ಕಡೆಗೇ ಬರಬೇಕೆಂದು ಆ ದಿನದ ಹಾದಿಯನ್ನು ಗೊತ್ತುಮಾಡಬೇಕು. ಹಾದಿ ಚಿಕ್ಕದಾದರೆ ನುರಿತವರು ‘ಇದೇನು ಮಕ್ಕಳಾಟ’ ಎಂದಾರು. ದೊಡ್ಡದಾದರೆ ಸಂಜೆ ಬಿಸಿಗಾಳಿ ಅಡಗುವ ಹೊತ್ತಿಗೆ ಅರ್ಧಕ್ಕರ್ಧ ಮಂದಿ ಕಂಡ ಕಂಡ ಹೊಲಗಳಲ್ಲಿ ಇಳಿದಿರುತ್ತಾರೆ. ಎಲ್ಲರಿಗಿಂತ ಚುರುಕಾದವನನ್ನು ನೋಡಿ ಹಾದಿಯನ್ನು ಅಳೆಯುವುದು ಸುಲಭ. ಬುದ್ಧಿವಂತ ನಿರ್ದೇಶಕ ಎಲ್ಲರಿಗಿಂತ ಹಿಂದುಳಿಯುವವನನ್ನೂ ಮನಸ್ಸಿನಲ್ಲಿಟ್ಟು ಅಳೆಯುತ್ತಾನೆ. ಮೋಡ ಮುಸುಕಿದರೆ ಇರಲೆಂದು ಇನ್ನೊಂದು ಕಿರಿಯ ಹಾದಿಯನ್ನೂ ಮೊದಲೇ ಬರೆದಿಟ್ಟುಕೊಳ್ಳುತ್ತಾನೆ.

ಅನಂತರ ಮೇಲೇರಿಸುವ ಕೆಲಸ. ಹಿಂದೆ ರಬ್ಬರ್ ಹಗ್ಗವನ್ನು ಹಿಡಿದು ಜನ ಇಳಿಜಾರಿನಲ್ಲಿ ಓಡಿ, ಗ್ಲೈಡರನ್ನು ಕವಣೆಯ ಕಲ್ಲಿನಂತೆ ಚಿಮ್ಮಿಸುತ್ತಿದ್ದರು. ಈಗ ಎಂಜಿನುಳ್ಳ ಪುಟ್ಟ ವಿಮಾನವೊಂದು ಹಗ್ಗ ಕಟ್ಟಿ ಎಳೆದೊಯ್ದು ಸುಮಾರು 600 ಮೀಟರ್ ಎತ್ತರದಲ್ಲಿ ಬಿಡುತ್ತದೆ. ಇಪ್ಪತ್ತು ಗ್ಲೈಡರು, ಎಳೆಯಲು ಎರಡೇ ವಿಮಾನ, ಒಮ್ಮೆ ಹೋಗಿಬರಲು ಹತ್ತು ನಿಮಿಷವೆಂದರೆ, ಮೊದಲಿನವನಿಗೂ ಕೊನೆಯವನಿಗೂ ಒಂದೂವರೆ ಗಂಟೆಯ ಅಂತರ. ಇದು ಅನ್ಯಾಯವಾಗದಂತೆ, ಕೊನೆಯವನು ಮೇಲೇರಿ ಒಂದಷ್ಟು ನಿಮಿಷ ಕಳೆದ ಬಳಿಕವೇ ಪಂದ್ಯದ ಗೆರೆಯನ್ನು ತೆರೆಯುತ್ತಾರೆ. ಅಲ್ಲಿಯವರೆಗೆ ಮೊದಲು ಹೋದವರು ಮೇಲೆ ಕಾದಿರಬೇಕು. ಗಾಳಿ ಎತ್ತಿ ನಿಲ್ಲಿಸುವಷ್ಟು ಬಲವಾಗಿದೆಯೇ ಎಂದು ತಿಳಿಯಲು ಅನುಭವಿಯೊಬ್ಬನನ್ನು ಎಲ್ಲರಿಗಿಂತ ಮುಂಚೆ ಕಳಿಸುವ ವಾಡಿಕೆಯೂ ಉಂಟು. ಅವನು ಕೆಳಗಿಳಿದು ಬಂದನೆಂದರೆ ಉಳಿದವರು ಸಾಲಿನಲ್ಲಿ ಕಾಯಬೇಕು. ಬಿಸಿಲಿನಲ್ಲಿ ಕಾದು ಬೇಸತ್ತವರ ಕಣ್ಣೆಲ್ಲ ನಿರ್ದೇಶಕನ ಮೇಲೆ.

ಹಳೆಯ ಮರದ ಗ್ಲೈಡರಿಗೂ ನುಣುಪಾದ ಹೊಸ ಗ್ಲೈಡರಿಗೂ ಸರಿಜೋಡಿಯಾಗುವುದೆಂತು? ಒಂದೊಂದು ಜಾತಿಯ ವಿಮಾನಕ್ಕೂ ಒಂದು ಅಂಕಿಯನ್ನು ಗೊತ್ತುಮಾಡಿ, ಹಾರಿದ ವೇಗವನ್ನು ಅದರಿಂದ ತೂಗಿ ನೋಡುತ್ತಾರೆ. ಹೀಗಾಗಿ ಹಣವಂತನ ವಿಮಾನ ಬಡವನ ಕೈಚಳಕವನ್ನು ಹಿಂದೆ ಹಾಕುವುದು ಅಷ್ಟು ಸುಲಭವಲ್ಲ. ತಿರುವುಗಳನ್ನು ನಿಜವಾಗಿ ಸುತ್ತಿದರೇ ಎಂಬುದಕ್ಕೆ ಹಿಂದೆ ಮೇಲಿನಿಂದ ತೆಗೆದ ಛಾಯಾಚಿತ್ರ ಸಾಕ್ಷಿಯಾಗಿತ್ತು. ಈಗ ಉಪಗ್ರಹಗಳ ನೆರವಿನಿಂದ ಹಾದಿಯನ್ನೆಲ್ಲ ದಾಖಲಿಸುವ ಪುಟ್ಟ ಯಂತ್ರವಿದೆ. ಲೆಕ್ಕದಲ್ಲಿ ವಂಚನೆ ಕಷ್ಟ. ಆದರೆ ಯಂತ್ರ ಅಳೆಯುವುದು ಹಾದಿಯನ್ನು ಮಾತ್ರ. ವಿವೇಕವನ್ನು ಅಳೆಯುವ ಯಂತ್ರ ಬಂದಿಲ್ಲ. ಒಂದೇ ಬಿಸಿಗಾಳಿಯ ಕಂಬದಲ್ಲಿ ಹತ್ತು ಗ್ಲೈಡರು ಒಂದರ ಮೇಲೊಂದು ಸುತ್ತುವಾಗ, ಮೊದಲು ಬಂದವನು ಸುತ್ತಿದ ದಿಕ್ಕಿನಲ್ಲೇ ಉಳಿದವರೂ ಸುತ್ತಬೇಕೆಂಬುದು ನಿಯಮ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಎಂದರೆ ಪಂದ್ಯ ಅಲ್ಲಿಗೆ ಮುಗಿದಂತೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಪಡುವಣದಲ್ಲಿ ಮೋಡ ಕಪ್ಪಾಯಿತೆನ್ನಿ. ದೂರದ ಊರುಗಳಿಂದ ರಜೆ ಹಾಕಿ ಬಂದವರು, ರೆಕ್ಕೆ ಜೋಡಿಸಿ ಸಾಲುಗಟ್ಟಿ ನಿಂತವರು, ‘ಇನ್ನೊಂದು ಗಂಟೆ ತಡೆದೀತು, ಬಿಡಿ’ ಎನ್ನುವವರು. ಎಲ್ಲರೂ ಗೆಳೆಯರೇ, ಸಣ್ಣ ಪಂದ್ಯದ ಕಷ್ಟವೇ ಅದು. ಅಪರಿಚಿತನಿಗೆ ‘ಆಗದು’ ಎನ್ನಬಹುದು, ನಿನ್ನೆ ಒಟ್ಟಿಗೆ ಊಟಕ್ಕೆ ಕುಳಿತವನಿಗೆ ಹೇಗೆ ಹೇಳುವುದು? ಹೇಳಬೇಕು. ಹೇಳಿದಮೇಲೆ ಮಳೆ ಬಾರದೆ ಆಕಾಶ ತಿಳಿಯಾಗಿಬಿಟ್ಟರೆ ಸಂಜೆಯವರೆಗೂ ಚುಚ್ಚುಮಾತು ಕೇಳಬೇಕು. ತಡೆದುದರಿಂದ ತಪ್ಪಿದ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಹಾಳಾದ ಒಂದು ದಿನ. ಆ ದೂರನ್ನು ನಗುತ್ತ ಹೊರಬಲ್ಲವನೇ ಈ ಕೆಲಸಕ್ಕೆ ತಕ್ಕವನು.

ಸಂಜೆಯ ಕೆಲಸ ಇನ್ನೂ ಸೂಕ್ಷ್ಮ. ಮರಳಿ ಬಂದವರ ಹೆಸರಿಗೆ ಹಲಗೆಯ ಮೇಲೆ ಒಂದೊಂದಾಗಿ ಗುರುತು ಬೀಳುತ್ತದೆ. ಗಾಳಿ ಕೈಕೊಟ್ಟು ಹೊಲದಲ್ಲಿ ಇಳಿದವರು ಫೋನು ಮಾಡಿ ಸ್ಥಳ ತಿಳಿಸುತ್ತಾರೆ. ಹೊಲದೊಡೆಯನ ಅಪ್ಪಣೆ ಪಡೆದು, ಪೈರು ತುಳಿಯದೆ, ರೆಕ್ಕೆ ಕಳಚಿ, ಬಂಡಿಯ ಮೇಲೇರಿಸಿ ತರಲು ಜೊತೆಗಾರರು ಹೊರಡುತ್ತಾರೆ. ಹಲಗೆಯ ಮೇಲೆ ಒಂದು ಹೆಸರು ಮಾತ್ರ ಗುರುತಿಲ್ಲದೆ ಉಳಿಯಿತೆಂದರೆ, ಗೆದ್ದವನ ಮಾತು ಅಲ್ಲಿ ಯಾರಿಗೂ ರುಚಿಸದು. ಕಡೆಗೆ ಫೋನು ಬಂದು, ‘ಇಲ್ಲೇ ಒಬ್ಬ ರೈತನ ಮನೆಯಲ್ಲಿದ್ದೇನೆ, ಊಟಕ್ಕೆ ಏಳಗೊಡಿಸುತ್ತಿಲ್ಲ’ ಎಂಬ ದನಿ ಕೇಳಿದಾಗ ಏಳುವ ನಗೆಯೇ ಆ ದಿನದ ನಿಜವಾದ ಬಹುಮಾನ.

ನಿರ್ದೇಶಕ ಆ ಕೊನೆಯ ಹೆಸರಿಗೂ ಗುರುತು ಹಾಕಿ ಸೀಮೆಸುಣ್ಣ ಕೆಳಗಿಡುತ್ತಾನೆ. ದಿನವಿಡೀ ಅವನ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ: ‘ಎಲ್ಲರೂ ಮರಳಿದರೇ?’ ಗೆದ್ದವರಾರೆಂದು ಕೇಳಲು ಅವನಿಗೆ ಬಿಡುವಾಗುವುದು ಆಮೇಲೆ.