ಹಾಡಿನ ನಡುವೆ ಬಗ್ಗೋದು ಯಾಕೆ?

ಹೋದ ಸಲದ ಫೆಸ್ಟಿನಲ್ಲಿ ನಮ್ಮ ಬ್ಯಾಂಡ್ ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಎರಡನೇ ಚರಣ ಮುಗಿದು ಗಿಟಾರ್ ಸೋಲೋ ಶುರುವಾಗಬೇಕು. ಡ್ರಮ್ ನಿಂತಿದೆ, ಹಾಡುತ್ತಿದ್ದವಳು ಕೈ ತೋರಿಸಿ ಪಕ್ಕಕ್ಕೆ ಸರಿದಿದ್ದಾಳೆ, ಲೈಟ್ ಕೂಡ ಸರಿಯಾದ ಜಾಗಕ್ಕೆ ಬಂದಿದೆ. ಆದ್ರೆ ಅಲ್ಲಿ ಗಿಟಾರಿಸ್ಟ್ ಕಾಣ್ತಿಲ್ಲ. ಅವನು ಮೊಣಕಾಲೂರಿ ಕೂತು ನೆಲದ ಮೇಲಿದ್ದ ಸಣ್ಣ ಪೆಟ್ಟಿಗೆಯ ಗುಂಡಿ ತಿರುಗಿಸ್ತಿದ್ದಾನೆ. ಹದಿಮೂರನೇ ಪ್ರೀಸೆಟ್‌ನಿಂದ ಹದಿನೆಂಟಕ್ಕೆ ಹೋಗಬೇಕಿತ್ತು. ಪೆಟ್ಟಿಗೆಗೆ ಇರೋದೇ ಮೂರು ಸ್ವಿಚ್. ಹಿಂದಿನ ಸಾಲಿನಿಂದ ಯಾರೋ ಕೂಗಿದ್ರು: "ಏ, ಗಿಟಾರಿನವ ಏನ್ ಕಳಕೊಂಡಾನ ನೋಡ್ರಪಾ!"

ಇಡೀ ಹಾಲ್ ನಕ್ಕಿತು. ನಾವೂ ಆಮೇಲೆ ನಕ್ಕೆವು. ಆದ್ರೆ ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ನಡೆದ ಚರ್ಚೆ ಮಾತ್ರ ತಪ್ಪು ದಾರಿಗೆ ಹೋಯಿತು. ಎಲ್ಲರೂ ಹೇಳಿದ್ದು ಒಂದೇ: "ಈ ಯೂನಿಟ್ ಸಾಲಂಗಿಲ್ಲ, ದೊಡ್ಡದು ತಗೋಬೇಕು." ದೊಡ್ಡದು ಅಂದ್ರೆ ಒಂದು ಸೆಮಿಸ್ಟರ್ ಫೀಸಿನಷ್ಟು ದುಡ್ಡು. ನಮ್ಮ ವಾದ ಬೇರೆ. ಯೂನಿಟ್ಟಿನೊಳಗಿನ ಸದ್ದಿಗೆ ಏನೂ ಕಡಿಮೆ ಇರಲಿಲ್ಲ, ಕಡಿಮೆ ಇದ್ದದ್ದು ಕಾಲಿಗೆ ಸಿಗುವ ಸ್ವಿಚ್ಚು. ಆ ಸ್ವಿಚ್ಚಿನ ಪೆಟ್ಟಿಗೆಯನ್ನು ಅಂಗಡಿಯಿಂದ ತರುವುದಕ್ಕಿಂತ ನಮ್ಮ ಲ್ಯಾಬಿನಲ್ಲಿ ಮಾಡುವುದು ಒಳ್ಳೆಯದು. ನಮಗಷ್ಟೇ ಅಲ್ಲ, ಜಿಲ್ಲೆಯ ಆರ್ಕೆಸ್ಟ್ರಾದವರಿಗೂ ಮಾಡಿ ಕೊಡಬೇಕು.

ಆಂಪ್ ಮಾಡೆಲಿಂಗ್ ಯೂನಿಟ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ವಾಲ್ವ್ ಆಂಪ್ಲಿಫೈಯರ್ ಗಿಟಾರಿನ ಸದ್ದನ್ನು ಬರೀ ದೊಡ್ಡದು ಮಾಡೋದಿಲ್ಲ, ಅದನ್ನು ಒಂದು ಥರ ಹಿಂಡಿ, ಅಂಚು ಒರಟು ಮಾಡಿ ಕೊಡುತ್ತದೆ. ಆ ವರ್ತನೆಯನ್ನು ಲೆಕ್ಕ ಮಾಡಿ ಒಂದು ಡಿಎಸ್‌ಪಿ ಚಿಪ್ಪಿನೊಳಗೆ ನಡೆಸಿದರೆ ಅದೇ ಮಾಡೆಲಿಂಗ್. ಲೈನ್ 6 ಕಂಪನಿಯ ಕೆಂಪು ಪಾಡ್ 1998ರಲ್ಲಿ ಬಂದ ಮೇಲೆ ಇದು ಮನೆಮಾತಾಯಿತು. ಈಗ ಒಂದು ಟಿಫಿನ್ ಡಬ್ಬಿಯಷ್ಟರಲ್ಲಿ ಹತ್ತಾರು ಆಂಪ್, ಸ್ಪೀಕರ್ ಡಬ್ಬಿ, ಎಕೋ ಎಲ್ಲ ಕೂರುತ್ತವೆ. ನಮ್ಮ ಕಡೆ ಇದು ಷೋಕಿ ಅಲ್ಲ. ವಿಜಯಪುರದಲ್ಲಿ ಯಾವ ಪೆಂಡಾಲಿಗೆ ಹೋದರೂ ಗಿಟಾರಿಗೆ ಬೇರೆ ಆಂಪ್ ಇರೋದಿಲ್ಲ, ಸೌಂಡ್ ಸಿಸ್ಟಮ್ಮಿನವರು ಒಂದು ವೈರ್ ಕೊಟ್ಟು "ಹಚ್ಚರಿ" ಅಂತಾರೆ. ನೇರ ಮಿಕ್ಸರಿಗೆ ಹೋದ ಗಿಟಾರ್ ಸೊಳ್ಳೆ ಹಾಡಿದಂಗೆ ಕೇಳ್ತದೆ. ನಡುವೆ ಈ ಯೂನಿಟ್ ಬೇಕೇ ಬೇಕು.

ಇದರ ಮಹತ್ವ ನಮಗೆ ತಿಳಿದದ್ದು ಕ್ಲಾಸಿನಲ್ಲಿ ಅಲ್ಲ. ಅಥಣಿ ರಸ್ತೆಯಲ್ಲಿ ತೊರವಿ ದಾಟಿ ಮುಂದೆ ಹೋದರೆ ತಿಕೋಟಾ. ಅಲ್ಲಿ ಒಬ್ಬ ಅಣ್ಣ ಇದಾನೆ. ಹಗಲು ದ್ರಾಕ್ಷಿ ತೋಟ, ಸೀಸನ್ನಿನಲ್ಲಿ ರಾತ್ರಿ ರಸಮಂಜರಿಗೆ ಗಿಟಾರ್. ಫೆಸ್ಟಿನ ಕಥೆ ಹೇಳಿದಾಗ ಅವನು ನಗಲಿಲ್ಲ. ಒಂದು ರಾತ್ರಿಗೆ ಇಪ್ಪತ್ತೈದು, ಮೂವತ್ತು ಹಾಡು ನುಡಿಸ್ತಾನಂತೆ. ಒಂದು ಭಾವಗೀತೆ, ಅದರ ಬೆನ್ನಿಗೆ ಎಂಬತ್ತರ ದಶಕದ ಸಿನಿಮಾ ಹಾಡು, ಆಮೇಲೆ ಹುಡುಗರು ಕುಣಿಯೋ ಜಾನಪದ, ನಡುವೆ ಊರಿನ ಹಿರಿಯರೊಬ್ಬರ ಫರ್ಮಾಯಿಶ್. ಒಂದಕ್ಕೆ ನೈಲಾನ್ ತಂತಿಯ ಮೆತ್ತಗಿನ ಸದ್ದು ಬೇಕು, ಇನ್ನೊಂದಕ್ಕೆ ಕೋರಸ್ ಹಾಕಿದ ತಿಳಿ ಸದ್ದು, ಮತ್ತೊಂದಕ್ಕೆ ಪೂರ್ತಿ ಡಿಸ್ಟಾರ್ಷನ್. ನಿರೂಪಕ ಮುಂದಿನ ಹಾಡಿನ ಹೆಸರು ಹೇಳಿ, ಕೀಬೋರ್ಡಿನವರು ಶ್ರುತಿ ಹಿಡಿಯೋದರೊಳಗೆ ಇವನು ತಯಾರಿರಬೇಕು.

"ತಮ್ಮಾ, ಟೋನ್ ಎಷ್ಟ ಚಲೋ ಇದ್ರ ಏನ್ ಮಾಡ್ತಿ? ಟೈಮಿಗೆ ಬರ್ಬೇಕಲ್ಲೋ," ಅಂದ.

ಅವನು ಇನ್ನೊಂದು ಮಾತೂ ಹೇಳಿದ. ಈಗ ಕೆಲವು ಕಮಿಟಿಯವರು ಆರ್ಕೆಸ್ಟ್ರಾ ಬೇಡ, ಇಬ್ಬರು ಹಾಡುವವರು ಮತ್ತು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಸಾಕು ಅಂತಾರಂತೆ. ಖರ್ಚು ಕಡಿಮೆ, ಜಾಗ ಕಡಿಮೆ. ಹಂಗೆ ಕತ್ತರಿ ಹಾಕುವಾಗ ಮೊದಲು ಹೋಗೋದು ಗಿಟಾರಿನವನು, ಯಾಕಂದ್ರೆ ಅವನ ಸದ್ದು ಇಲ್ಲದಿದ್ದರೂ ಹಾಡು ನಡೀತದೆ ಅಂತ ಕಮಿಟಿಯವರ ಲೆಕ್ಕ. ನಿಜ ಹೇಳಬೇಕಂದ್ರೆ, ಎಲ್ಲ ಹಾಡಿಗೂ ಒಂದೇ ಸದ್ದಿನಲ್ಲಿ ಕಾರ್ಡ್ ಹೊಡೆದರೆ ಆ ಲೆಕ್ಕ ತಪ್ಪೂ ಅಲ್ಲ. ಗಿಟಾರಿನವನು ಬೇಕು ಅನ್ನಿಸಬೇಕಾದ್ರೆ ಪ್ರತಿ ಹಾಡಿನ ಸದ್ದೂ ಅದರ ಜಾಗದಲ್ಲಿ ಬರಬೇಕು.

ಇಲ್ಲಿಗೆ ಮಿಡಿ ಬರುತ್ತದೆ. ಮೆಸ್ಸಿನ ಉಪ್ಪಿನಕಾಯಿಯ ಮಿಡಿ ಅಲ್ಲ, ಎಂ-ಐ-ಡಿ-ಐ. ತಂತಿ ಮಿಡಿಯುವ ಮಾತು ಕನ್ನಡದಲ್ಲಿ ಮೊದಲೇ ಇರುವುದರಿಂದ ಹೆಸರು ನಮ್ಮದೇ ಅನ್ನಿಸ್ತದೆ. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಪ್ರದರ್ಶನದಲ್ಲಿ ಬೇರೆ ಬೇರೆ ಕಂಪನಿಯ ಎರಡು ಸಿಂಥಸೈಜರ್‌ಗಳನ್ನು, ಪ್ರಾಫೆಟ್ 600 ಮತ್ತು ರೋಲ್ಯಾಂಡ್ ಜುಪಿಟರ್ 6 ಅನ್ನು, ಒಂದು ಕೇಬಲ್ಲಿನಲ್ಲಿ ಜೋಡಿಸಿ ತೋರಿಸಿದರು. ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಇದರ ಹಿಂದಿದ್ದ ಮುಖ್ಯ ಇಬ್ಬರು. 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಬಂತು. ಪೈಪೋಟಿಯ ಕಂಪನಿಗಳು ಕೂತು ಒಂದು ಭಾಷೆ ಒಪ್ಪಿಕೊಂಡವು. ನಲವತ್ತು ವರ್ಷ ಕಳೆದರೂ ಅದೇ ಭಾಷೆ ಓಡ್ತಿದೆ. ನಮ್ಮ ಫೋನ್ ಚಾರ್ಜರಿನ ತುದಿ ಅಷ್ಟರಲ್ಲಿ ಎಷ್ಟು ಸಲ ಬದಲಾಯ್ತು, ನೀವೇ ಎಣಿಸಿ.

ಕೇಬಲ್ಲಿನಲ್ಲಿ ಸದ್ದು ಹೋಗೋದಿಲ್ಲ, ಬರೀ ಆಜ್ಞೆ ಹೋಗುತ್ತದೆ. ಐದು ಪಿನ್ನಿನ ಪ್ಲಗ್ (ಹಳೇ ಟೇಪ್ ರೆಕಾರ್ಡರ್ ಬಿಚ್ಚಿದವರಿಗೆ ಗೊತ್ತು), ಅದರಲ್ಲಿ ಬಳಕೆಯಾಗೋದು ಮೂರೇ. ವೇಗ ಸೆಕೆಂಡಿಗೆ 31,250 ಬಿಟ್. ಇದೇನು ವಿಚಿತ್ರ ಸಂಖ್ಯೆ ಅಂತ ನಾವೂ ಅಂದುಕೊಂಡಿದ್ದೆವು. 1 ಮೆಗಾಹರ್ಟ್ಸ್ ಕ್ಲಾಕನ್ನು 32ರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ ಬರ್ತದೆ. ಪ್ರೀಸೆಟ್ ಬದಲಿಸಲು ಎರಡು ಬೈಟ್ ಸಾಕು. ಮೊದಲನೇ ಚಾನೆಲ್ಲಿಗಾದರೆ 192 ಅನ್ನೋ ಸಂಖ್ಯೆ, ಅದರ ಹಿಂದೆ 0ಯಿಂದ 127ರವರೆಗೆ ಪ್ರೀಸೆಟ್ಟಿನ ನಂಬರ್. ಇದಕ್ಕೆ ಪ್ರೋಗ್ರಾಂ ಚೇಂಜ್ ಅಂತಾರೆ.

ಮಿಡಿ ನಿಧಾನ ಅಂತ ಹೇಳುವವರಿದ್ದಾರೆ. ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಎರಡಕ್ಕೆ 20. ಅಂದ್ರೆ 0.64 ಮಿಲಿಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಸಾಗೋದು ಒಂದು ಗೇಣು. ನಮ್ಮ ಗೋಳಗುಮ್ಮಟದ ಒಳಗೆ ಗುಮ್ಮಟದ ಅಡ್ಡಳತೆ ಸುಮಾರು 38 ಮೀಟರ್, ಈ ಬದಿಯ ಪಿಸುಮಾತು ನೇರ ಆ ಬದಿಗೆ ಹೋಗೋಕೆ 110 ಮಿಲಿಸೆಕೆಂಡ್ ಬೇಕು. ಹಂಗಾಗಿ ಆ ಆಕ್ಷೇಪಣೆಯನ್ನು ಬಿಟ್ಟುಬಿಡೋಣ. ನಿಧಾನ ಇರೋದು ಬೇರೆ ಕಡೆ. ಆಜ್ಞೆ ಸಿಕ್ಕ ಮೇಲೆ ಯೂನಿಟ್ ಹಳೆ ಪ್ರೀಸೆಟ್ ಇಳಿಸಿ ಹೊಸದನ್ನು ಏರಿಸೋಕೆ ಸಮಯ ತಗೊಳ್ತದೆ, ಆ ಹೊತ್ತಿಗೆ ಸದ್ದು ಕಟ್ ಆಗುತ್ತದೆ. ಹಾಡು ಮತ್ತು ಹಾಡಿನ ನಡುವೆ ಇದು ಯಾರಿಗೂ ಗೊತ್ತಾಗಲ್ಲ, ಹಾಡಿನ ಒಳಗೆ ಗೊತ್ತಾಗ್ತದೆ. ಅದಕ್ಕೇ ಹಾಡಿನ ಒಳಗೆ ಪ್ರೋಗ್ರಾಂ ಚೇಂಜ್ ಬೇಡ, ಕಂಟ್ರೋಲ್ ಚೇಂಜ್ ಬಳಸಿ. ಲೈನ್ 6ರ ಎಚ್ಎಕ್ಸ್ ಸ್ಟಾಂಪಿನಲ್ಲಿ 69ನೇ ಕಂಟ್ರೋಲರ್ ಸ್ನ್ಯಾಪ್‌ಶಾಟ್ ಬದಲಿಸುತ್ತದೆ, 68 ಟ್ಯೂನರ್. ಒಂದೇ ಪ್ರೀಸೆಟ್ಟಿನ ಒಳಗೆ ರಿದಮ್ಮಿಗೊಂದು, ಸೋಲೋಗೊಂದು ಸ್ನ್ಯಾಪ್‌ಶಾಟ್ ಇಟ್ಟರೆ ಸದ್ದು ಕಡಿಯದೆ ಹೋಗಬಹುದು. ಅವತ್ತು ಫೆಸ್ಟಿನಲ್ಲಿ ಹದಿಮೂರರಿಂದ ಹದಿನೆಂಟಕ್ಕೆ ಓಡುವ ಪ್ರಸಂಗವೇ ಬರಬಾರದಿತ್ತು. ಅರ್ಧ ತಪ್ಪು ನಮ್ಮ ಪ್ಲ್ಯಾನಿಂಗಿನದು, ಒಪ್ಪಿಕೊಳ್ತೇವೆ.

ಪೆಟ್ಟಿಗೆ ಮಾಡೋಕೆ ಕೂತೆವು. ಒಂದು ಆರ್ಡುಯಿನೊ ನ್ಯಾನೊ, ಆರು ಸ್ವಿಚ್, 220 ಓಮಿನ ಎರಡು ರೆಸಿಸ್ಟರ್, ಒಂದು ಐದು ಪಿನ್ನಿನ ಸಾಕೆಟ್. ಪೆಟ್ಟಿಗೆಗೆ ಮನೆ ವೈರಿಂಗಿನಲ್ಲಿ ಗೋಡೆಯೊಳಗೆ ಹುಗಿಯುವ ತಗಡಿನ ಬಾಕ್ಸ್, ಎಲೆಕ್ಟ್ರಿಕಲ್ ಅಂಗಡಿಯದು. ಎಲ್ಲ ಸೇರಿ ಸಾವಿರದ ಆಸುಪಾಸು ಖರ್ಚು. ವಿದೇಶದಿಂದ ತರಿಸೋ ಒಳ್ಳೆ ಕಂಟ್ರೋಲರಿಗೆ ಹತ್ತಾರು ಸಾವಿರ. ಬ್ಲೂಟೂತಿನ ಸಣ್ಣವು ಅಗ್ಗಕ್ಕೂ ಸಿಗ್ತಾವೆ, ಬೇಕಾದವರು ತಗೊಳ್ಳಿ.

ಕೆಡಿಸಿಕೊಂಡದ್ದನ್ನೂ ಹೇಳಿಬಿಡ್ತೇವೆ, ನೀವು ಅದನ್ನೇ ಮಾಡಬೇಡಿ. ಮೊದಲು ತಂದ ಸ್ವಿಚ್ಚು ಒತ್ತಿದರೆ ಒಳಗೇ ಕೂರುವ ಜಾತಿಯದು. ಎರಡು ಸಲ ಒತ್ತಿದರೆ ಒಂದು ಸಲ ಕೆಲಸ ಮಾಡ್ತಿತ್ತು. ನಾಲ್ಕು ದಿನ ಕೋಡಿನಲ್ಲಿ ತಪ್ಪು ಹುಡುಕಿದೆವು, ತಪ್ಪು ಅಂಗಡಿಯಲ್ಲಿತ್ತು. ಬೇಕಾದದ್ದು ಕಾಲು ತೆಗೆದ ಕೂಡಲೇ ಬಿಟ್ಟುಕೊಳ್ಳುವ ಸ್ವಿಚ್ಚು. ಅದೂ ಬಂದ ಮೇಲೆ ಒಂದೇ ಒತ್ತಿಗೆ ಮೂರು ಸಲ ಆಜ್ಞೆ ಹೋಗ್ತಿತ್ತು, ಒಳಗಿನ ಲೋಹದ ಪಟ್ಟಿ ಕುಣಿಯೋದರಿಂದ. ಕೋಡಿನಲ್ಲಿ ಕೆಲವು ಮಿಲಿಸೆಕೆಂಡ್ ಕಾಯಿಸಿದ ಮೇಲೆ ಸುಮ್ಮನಾಯಿತು. ಥಿಯರಿ ಪೇಪರಿನಲ್ಲಿ ಡೀಬೌನ್ಸ್ ಬಗ್ಗೆ ಮಾರ್ಕ್ಸ್ ತಗೊಂಡವರೇ ನಾವು! ಮುಂದಿನದು ನಂಬರಿನ ಗೊಂದಲ. ಮಿಡಿ ಸೊನ್ನೆಯಿಂದ ಎಣಿಸುತ್ತದೆ, ಕೆಲವು ಯೂನಿಟ್ಟಿನ ಪರದೆ ಒಂದರಿಂದ. ಐದು ಕಳಿಸಿದರೆ ಆರು ತೆರೀತದೆ. ಆಮೇಲೆ ಯುಎಸ್‌ಬಿ. ಕಂಟ್ರೋಲರಿಗೂ ಯುಎಸ್‌ಬಿ ಇದೆ, ಯೂನಿಟ್ಟಿಗೂ ಇದೆ, ಹಂಗಂತ ಒಂದು ಕೇಬಲ್ಲಿನಲ್ಲಿ ಜೋಡಿಸಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ಎರಡೂ ಕಂಪ್ಯೂಟರಿಗಾಗಿ ಕಾಯುವ ಜಾತಿಯವು, ಮಾತು ಶುರು ಮಾಡೋಕೆ ನಡುವೆ ಹೋಸ್ಟ್ ಬೇಕು. ಯೂನಿಟ್ ಕೊಳ್ಳುವ ಮೊದಲು ಹಿಂದೆ ತಿರುಗಿಸಿ ಮಿಡಿ ಇನ್ ಇದೆಯಾ ನೋಡಿ. ಅಗ್ಗದ ಕೆಲವಕ್ಕೆ ಇರೋದಿಲ್ಲ, ಅಂಥದ್ದಕ್ಕೆ ನಮ್ಮ ಪೆಟ್ಟಿಗೆ ಉಪಯೋಗ ಇಲ್ಲ.

ಜಾತ್ರೆಯ ಸ್ಟೇಜಿಗೆ ಈ ಹಳೇ ಐದು ಪಿನ್ನೇ ಒಳ್ಳೆಯದು ಅನ್ನೋಕೆ ಇನ್ನೊಂದು ಕಾರಣ ಇದೆ. ಜನರೇಟರ್, ಸೀರಿಯಲ್ ಲೈಟ್, ಎಲ್ಲಿಂದಲೋ ಎಳೆದ ಕರೆಂಟು, ಎಲ್ಲ ಸೇರಿ ಸ್ಪೀಕರಿನಲ್ಲಿ ಒಂದು ಗುಂಯ್ ಸದಾ ಇರುತ್ತದೆ. ಮಿಡಿ ಇನ್ ಹಿಂದೆ ಆಪ್ಟೋಕಪ್ಲರ್ ಇರಬೇಕು ಅನ್ನೋದು ನಿಯಮ. ಆಜ್ಞೆ ಬೆಳಕಾಗಿ ದಾಟುತ್ತದೆ, ಎರಡು ಪೆಟ್ಟಿಗೆಯ ನಡುವೆ ಗ್ರೌಂಡ್ ಕೂಡೋದಿಲ್ಲ, ಹಂಗಾಗಿ ಈ ದಾರಿಯಿಂದ ಹೊಸ ಗುಂಯ್ ಸೇರೋದಿಲ್ಲ. ಪೆಟ್ಟಿಗೆಗೆ ಪವರ್ ಬ್ಯಾಂಕಿನಿಂದ ಕರೆಂಟ್ ಕೊಟ್ಟೆವು, ರಾತ್ರಿಪೂರ್ತಿ ನಡೆಯಿತು.

ಅಂದಹಾಗೆ, ಆರ್ಕೆಸ್ಟ್ರಾದಲ್ಲಿ ಮಿಡಿ ಹೊಸದೇನಲ್ಲ. ನಮ್ಮ ಕಡೆ ತಬಲಾ, ಡೋಲು, ಹಲಗಿ ಎಲ್ಲದರ ಸದ್ದು ಬಾರಿಸುವ ಆಕ್ಟೋಪ್ಯಾಡ್ ಇದೆಯಲ್ಲ, 1985ರಲ್ಲಿ ರೋಲ್ಯಾಂಡ್ ತಂದ ಅದರ ಮೊದಲ ಮಾಡೆಲ್ ಪ್ಯಾಡ್ 8ಕ್ಕೆ ಸ್ವಂತ ಸದ್ದೇ ಇರಲಿಲ್ಲ. ಅದು ಬರೀ ಮಿಡಿ ಕಂಟ್ರೋಲರ್. ಪ್ಯಾಡಿನವರು ಹಾಡಿಗೊಂದು ಪ್ಯಾಚ್ ಬದಲಿಸಿ ನುಡಿಸೋದನ್ನು ಎಷ್ಟೋ ವರ್ಷದಿಂದ ಮಾಡ್ತಿದ್ದಾರೆ, ಅವರನ್ನು ಯಾರೂ "ಮಷೀನ್ ನುಡಿಸ್ತದೆ" ಅಂತ ಹೀಯಾಳಿಸಲ್ಲ. ಗಿಟಾರಿನವರಿಗೆ ಮಾತ್ರ "ಟೋನ್ ಬೆರಳಿನಾಗ ಇರಬೇಕು, ಬಟನ್ನಿನಾಗ ಅಲ್ಲ" ಅನ್ನೋ ಉಪದೇಶ. ಬೆರಳಲ್ಲಿ ಇರಬೇಕು, ಖರೆ. ಆದ್ರೆ ಬೆರಳು ಗುಂಡಿ ತಿರುಗಿಸೋಕೆ ಹೋದರೆ ತಂತಿ ಮೇಲೆ ಯಾರು ಇರ್ತಾರೆ?

ಸರಿಯಾದ ಆಕ್ಷೇಪಣೆ ಒಂದಿದೆ. ಮೂರು ನಾಲ್ಕು ಸದ್ದಷ್ಟೇ ಬೇಕಾದವರಿಗೆ ಇದೆಲ್ಲ ಅತಿಯಾಯ್ತು. ಯೂನಿಟ್ಟಿನ ಹಿಂದಿನ ಫುಟ್‌ಸ್ವಿಚ್ ತೂತಿಗೆ ಎರಡು ಸ್ವಿಚ್ಚಿನ ಪೆಡಲ್ ಹಾಕಿದರೆ ಮುಗೀತು, ಮಿಡಿ ಬೇಡ. ಇದನ್ನು ತಿಕೋಟಾದ ಅಣ್ಣನಿಗೂ ಹೇಳಿದೆವು. "ನಂಗ ಒಂದು ಹಾಡಿಂದ ಇನ್ನೊಂದಕ್ಕ ಜಿಗೀಬೇಕಪಾ, ಒಂದೊಂದ ಮೆಟ್ಟಲ ಹತ್ತಾಕ ಟೈಮ್ ಇಲ್ಲ," ಅಂದ.

ಇನ್ನು ನಮ್ಮ ಕಾಲೇಜಿನ ಮಾತು. ಇದನ್ನು ಮಿನಿ ಪ್ರಾಜೆಕ್ಟಿಗೆ ಕೊಡೋಣ ಅಂತ ಹೋದಾಗ "ಇದರಾಗ ಹೊಸದೇನೈತಿ?" ಅನ್ನೋ ಪ್ರಶ್ನೆ ಬಂತು. ನಿಜ, ಹೊಸದೇನಿಲ್ಲ. ಆದ್ರೆ ಲೈನ್ ಫಾಲೋವರ್ ರೋಬೋ, ಸ್ಮಾರ್ಟ್ ಡಸ್ಟ್‌ಬಿನ್, ತಾನೇ ಹತ್ತುವ ಬೀದಿ ದೀಪದಲ್ಲಿ ಹೊಸದು ಏನಿದೆ? ಅವು ವೈವಾ ಮುಗಿದ ಸಂಜೆ ಕಪಾಟಿಗೆ ಹೋಗ್ತವೆ. ಈ ಪೆಟ್ಟಿಗೆಗೆ ಬಳಸುವ ಮನುಷ್ಯ ಇದಾನೆ. ಅವನು ಕಾಲಿಂದ ಜೋರಾಗಿ ಒದ್ದಾಗ ಸೋಲ್ಡರ್ ಬಿಟ್ಟರೆ ಫೋನ್ ಮಾಡಿ ಬೈತಾನೆ. ಅದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ಯಾವ ಲ್ಯಾಬಿನಲ್ಲಿಯೂ ಇಲ್ಲ. ಪ್ರಾಜೆಕ್ಟಿನ ನಿಯಮದಲ್ಲಿ "ಹೊಸತನ" ಅನ್ನೋ ಜಾಗದಲ್ಲಿ "ಯಾರು ಬಳಸ್ತಾರೆ" ಅನ್ನೋ ಪ್ರಶ್ನೆ ಇರಲಿ ಅನ್ನೋದು ನಮ್ಮ ಬೇಡಿಕೆ.

ಮೊದಲ ಪೆಟ್ಟಿಗೆ ಈಗ ತಿಕೋಟಾದಲ್ಲಿದೆ. ಬಬಲೇಶ್ವರದ ಗಣಪತಿ ಪೆಂಡಾಲಿನಲ್ಲಿ ಅದನ್ನು ಮೊದಲ ಸಲ ಇಟ್ಟು ನುಡಿಸಿದಾಗ ನಾವು ಸ್ಟೇಜಿನ ಹಿಂದೆ ಸೋಲ್ಡರಿಂಗ್ ಕಡ್ಡಿ ಹಿಡಿದು ನಿಂತಿದ್ದೆವು. ಒಂದೇ ತೊಂದರೆ ಆಯಿತು, ಅದೂ ಪೆಟ್ಟಿಗೆಯದಲ್ಲ. ಪ್ರೀಸೆಟ್‌ಗಳ ವಾಲ್ಯೂಮ್ ಒಂದೇ ಸಮ ಮಾಡಿರಲಿಲ್ಲ, ಡಿಸ್ಟಾರ್ಷನ್ ಬಂದ ಕೂಡಲೇ ಮಿಕ್ಸರಿನವರು ಎದ್ದು ನಿಂತು ಕೈ ಬೀಸಿದ್ರು. ಹೆಡ್‌ಫೋನಿನಲ್ಲಿ ಸಮ ಅನ್ನಿಸಿದ್ದು ಪೆಂಡಾಲಿನಲ್ಲಿ ಸಮ ಇರೋದಿಲ್ಲ. ಎಲ್ಲ ಪ್ರೀಸೆಟ್ಟನ್ನೂ ದೊಡ್ಡ ಸ್ಪೀಕರಿನಲ್ಲಿ ಒಂದು ಸಲ ಕೇಳಿ ಸರಿಮಾಡಬೇಕು. ಅಣ್ಣ ಮಾತ್ರ ರಾತ್ರಿಪೂರ್ತಿ ಒಮ್ಮೆಯೂ ಬಗ್ಗಲಿಲ್ಲ. ಸ್ವಿಚ್ಚಿನ ಕೆಳಗೆ ಪೇಪರ್ ಟೇಪ್ ಹಚ್ಚಿ ಪೆನ್ನಿನಲ್ಲಿ ಬರೆದುಕೊಂಡಿದ್ದ: ಮೆತ್ತಗ, ತಿಳಿ, ಕುಣಿತ, ಸೋಲೋ.

ಅವತ್ತು ನೋಡಿದ ಬಬಲೇಶ್ವರದ ಇನ್ನೊಂದು ತಂಡದವರು ಎರಡು ಪೆಟ್ಟಿಗೆ ಕೇಳಿದ್ದಾರೆ, ಎಂಟು ಸ್ವಿಚ್ಚಿನವು. ಕೋಡ್ ನಮ್ಮ ಹತ್ತಿರ ಇದೆ, ಯಾರು ಕೇಳಿದರೂ ಕೊಡ್ತೇವೆ. ಶನಿವಾರ ಮಧ್ಯಾಹ್ನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೂರ್ತೇವೆ. ಮೆಕ್ಯಾನಿಕಲ್ಲಿನವರೇ, ತಗಡಿಗೆ 12 ಎಂಎಂ ತೂತು ಹಾಕೋ ಡ್ರಿಲ್ ಬಿಟ್ ನಮ್ಮಲ್ಲಿ ಮುರಿದಿದೆ. ಯಾರ ಹತ್ರ ಐತಿ?